ಕ್ರೋಮ್ ತೊಟ್ಟಿಯವರ ಮೂಗು

ಬಸಲಿಂಗನ ಮೂಗಿನಿಂದ ರಕ್ತ ಬರುವುದು ವಾರಕ್ಕೆರಡು ಸಲವಾದಾಗ ಮನೆ ಓನರ್ ಲಕ್ಷ್ಮಮ್ಮ, "ಉಷ್ಣ ಕಣಮ್ಮ, ಎಳನೀರು ಕುಡ್ಸು" ಅಂದರು. ಕುಡಿಸಿದ್ದಾಯಿತು. ದಿಂಬಿನ ಮೇಲಿನ ಕೆಂಪು ಕಲೆ ಮಾತ್ರ ತಪ್ಪಲಿಲ್ಲ. ಆಮೇಲೆ ಅವನ ಹೆಂಡತಿ ಮಹಾನಂದಾ ಮೊಬೈಲನ್ನೇ ಕೇಳಿದಳು. ಮೊಬೈಲಿಗೆ ಹಿಂದೆಮುಂದೆ ನೋಡುವ ಅಭ್ಯಾಸವೆಲ್ಲಿ! ಮೂಗು, ರಕ್ತ, ಕಪ್ಪು ಮಚ್ಚೆ ಅಂದದ್ದೇ ತಡ, ಚರ್ಮದ ಕ್ಯಾನ್ಸರಿನ ಹತ್ತು ಫೋಟೊ ಮುಂದಿಟ್ಟಿತು.

ಬಸಲಿಂಗನ ಎಡಹೊಳ್ಳೆಯ ಪಕ್ಕ ಸಾಸಿವೆಯಷ್ಟು ಮಚ್ಚೆಯಿತ್ತು. ಹೆಣ್ಣು ನೋಡಲು ಬಂದ ದಿನ ಮಹಾನಂದಾ ತಲೆಯೆತ್ತಿದಾಗ ಮೊದಲು ಕಂಡದ್ದೇ ಅದು. ಈಗ ಅದೇ ಗಂಡನನ್ನು ನುಂಗುತ್ತಿದೆಯೆಂದು ಅವಳಿಗೆ ಅನ್ನಿಸಿತು. ಅವನು ಉಣ್ಣುವಾಗ, ಮಲಗಿದಾಗ, ದೊಡ್ಡದಾಯಿತೇ ಎಂದು ನೋಡಿ ನೋಡಿ ಸಾಕಾದಳು.

"ಅಲ್ರೀ, ದವಾಖಾನಿಗೆ ನಡೀರಿ."

"ಏ, ನಮ್ಮ ಕೆಲಸದಾಗ ಇದು ಎಲ್ಲಾರಿಗೂ ಬರ್ತೈತಿ. ಕೊಬ್ಬರಿ ಎಣ್ಣಿ ಬಿಟ್ಟಕೊಂಡ್ರ ನಿಲ್ತೈತಿ."

ಪೀಣ್ಯದ ಒಂದು ಶೆಡ್ಡಿನಲ್ಲಿ ಕಬ್ಬಿಣದ ಸಾಮಾನಿಗೆ ಬೆಳ್ಳಿಯಂಥ ಹೊಳಪು ಕೊಡುವ ಕ್ರೋಮ್ ತೊಟ್ಟಿಯ ಮುಂದೆ ಅವನು ನಿಲ್ಲಲು ಶುರುಮಾಡಿ ಆರು ವರ್ಷ. ಅನುಭವಸ್ಥನ ಮಾತು, ಯಾರು ಎದುರಾಡಬೇಕು? ಮಹಾನಂದಾ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅವನೇ ರಜೆ ಹಾಕಿ ಹೊರಟ.

ಮೂಗಿನ ಡಾಕ್ಟರ್ ಲಾವಣ್ಯ ಮೊದಲು ಮಚ್ಚೆಯನ್ನು ಭೂತಗನ್ನಡಿ ಹಿಡಿದು ನೋಡಿದರು. "ಬೆಳೆದಿದ್ಯಾ? ಬಣ್ಣ ಬದಲಾಗಿದ್ಯಾ? ಮಚ್ಚೆಯಿಂದಾನೇ ಯಾವತ್ತಾದ್ರೂ ರಕ್ತ ಬಂದಿದ್ಯಾ?"

ಎಲ್ಲಕ್ಕೂ ಮಹಾನಂದಾಳೇ ಇಲ್ಲವೆಂದಳು.

"ಹಾಗಿದ್ರೆ ಇದು ಮಾಮೂಲಿ ಮಚ್ಚೆ ಕಣಮ್ಮ. ಮೂಗಿನ ಒಳಗಿಂದ ಬರೋ ರಕ್ತಕ್ಕೂ ಇದಕ್ಕೂ ಸಂಬಂಧ ಇಲ್ಲ."

ಮಹಾನಂದಾಳಿಗೆ ಹೋದ ಜೀವ ಬಂದಂತಾಯಿತು. ಮನೆದೇವರಿಗೆ ಕೂತಲ್ಲೇ ಕೈಮುಗಿದಳು. ಬಸಲಿಂಗ ಆಗಲೇ ಚಪ್ಪಲಿ ಹುಡುಕತೊಡಗಿದ್ದ.

"ಕೂತ್ಕೊಳ್ಳಿ, ಒಳಗೆ ನೋಡಿಲ್ಲ ಇನ್ನೂ," ಎಂದು ಡಾಕ್ಟರು ಬಲಹೊಳ್ಳೆಗೆ ಬೆಳಕು ಬಿಟ್ಟರು. ಆ ಬೆಳಕು ಎಡಹೊಳ್ಳೆಯಲ್ಲಿ ಕಂಡಿತು.

"ನಡುವಿನ ಗೋಡೆ ತೂತಾಗಿದೆ. ಏನು ಕೆಲಸ ಮಾಡ್ತೀರಾ?"

ಅವನು ಹೇಳಿದ. ಡಾಕ್ಟರು ದೀಪ ಕೆಳಗಿಟ್ಟರು. "ಆ ತೊಟ್ಟಿಯ ಆವಿ ತಿಂದಿರೋದು ಇದು. ಇನ್ನು ಅದರ ಹತ್ತಿರ ಹೋಗ್ಬೇಡಿ. ಶ್ವಾಸಕೋಶಾನೂ ನೋಡಿಸ್ಬೇಕು. ಅಲ್ಲಿ ಇನ್ನೂ ಯಾರಿಗಾದ್ರೂ ರಕ್ತ ಬರುತ್ತಾ?"

ಬಸಲಿಂಗ ಹೆಂಡತಿಯ ಮುಖ ನೋಡಿ ನೆಲ ನೋಡಿದ. "ತೊಟ್ಟಿ ಮುಂದ ನಿಲ್ಲೋ ಐದೂ ಮಂದಿಗೆ ಬರ್ತೈತ್ರಿ. ಇಕಿ ತಮ್ಮಗ ಹೋದ ಸೋಮವಾರ ಸುರು ಆತು. ಈಗ ನೀ ಪಕ್ಕಾ ಕೆಲಸಗಾರ ಆದಿ ಅಂತ ನಾನೇ ಚಾ ಕುಡಿಸೀನಿ. ಅಕ್ಕಗ ಹೇಳಬ್ಯಾಡ, ಅಂಜ್ತಾಳ ಅಂದಿದ್ದೆ."

ಮೂರು ತಿಂಗಳ ಹಿಂದೆ ತಮ್ಮ ಪರಮಾನಂದನನ್ನು ಕುಷ್ಟಗಿಯಿಂದ ಕರೆಸಿದ್ದು ಮಹಾನಂದಾಳೇ. ನಿಮ್ಮ ಪಕ್ಕದಲ್ಲೇ ಕೆಲಸಕ್ಕೆ ಹಚ್ಚಿಕೊಳ್ಳಿರಿ ಎಂದು ಗಂಡನ ಬೆನ್ನು ಹತ್ತಿದ್ದೂ ಅವಳೇ. ಗಂಡನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ಎದ್ದು ಹೊರಗೆ ಹೋಗಿ ತಮ್ಮನಿಗೆ ಫೋನ್ ಹಚ್ಚಿದಳು.

"ಅಕ್ಕಾ, ತೊಟ್ಟಿ ಮುಂದ ಅದೀನಿ. ಆಮ್ಯಾಲ ಮಾಡ್ತೀನಿ."

"ಆಮ್ಯಾಲ ಬ್ಯಾಡ. ಈಗಿಂದೀಗ ಹೊರಗ ಬಾ."

"ಮಾವಗ ಏನಾತು? ಡಾಕ್ಟರು ಕ್ಯಾನ್ಸರ್ ಅಂತ ಹೇಳಿದ್ರೇನು?"

"ಮಾವನ ಮಚ್ಚಿ ಛಲೋ ಐತಿ. ನೀ ಹೊರಗ ಬಾರೋ," ಎಂದು ಕೂಗಿದಳು. ಸಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅವನು ಗೇಟು ದಾಟಿದೆ ಅನ್ನುವವರೆಗೆ ಅವಳು ಫೋನ್ ಇಡಲಿಲ್ಲ.