ದಾಳದಲ್ಲಿಲ್ಲದ ದಿನ

ಸುನಾಮಿ ಬಂದರೆ ಪಾರಾಗುವ ತಾಲೀಮು ಮಾಡಿಸಲು ರಾಜಧಾನಿಯಿಂದ ಬಂದ ವಿಕಾ ಸಭಾಭವನದ ಚಾಪೆಯ ಮೇಲೆ ಟೋಂಗಾ ದೇಶದ ಆ ಪುಟ್ಟ ದ್ವೀಪದ ನಕ್ಷೆ ಹರಡಿ, ದಾಳ ಉರುಳಿಸಿ ಉರುಳಿಸಿ ಊರು ಮುಳುಗಿಸುತ್ತಿದ್ದಳು. ಒಂದು ದಾಳಕ್ಕೆ ವಾರದ ದಿನ, ಇನ್ನೊಂದಕ್ಕೆ ಅಲೆಯ ಎತ್ತರ. ಬಿದ್ದದ್ದಕ್ಕೆ ತಕ್ಕಂತೆ ಯಾರು ಯಾರನ್ನು ಗುಡ್ಡ ಹತ್ತಿಸಬೇಕೆಂದು ಊರವರು ಹೇಳಬೇಕು. ಮಧ್ಯಾಹ್ನದೊಳಗೆ ಊರು ಐದು ಸಲ ಮುಳುಗಿತ್ತು, ಐದು ಸಲವೂ ಎಲ್ಲರೂ ಬದುಕಿದ್ದರು. ಊರಧಿಕಾರಿ ಸೆಮಿಸಿಯ ಮುಖ ಅರಳಿತ್ತು. ಆಟದಲ್ಲಿ ಐದು ಸಲವೂ ಊರಿಗಿದ್ದ ಒಂದೇ ಟ್ರಕ್ಕನ್ನು ಓಡಿಸಿದವನು ಅವನೇ.

ಲೂಪೆ ಮಾತ್ರ ನಕ್ಷೆಯಲ್ಲಿ ತನ್ನ ಮನೆಯನ್ನೇ ನೋಡುತ್ತಿದ್ದಳು. ದಡಕ್ಕೆ ಅಂಟಿಕೊಂಡ ಮನೆ, ಒಳಗೆ ಸೊಂಟ ಮುರಿದು ಮಲಗಿದ ತಾಯಿ.

“ಭಾನುವಾರ ಒಂದ್ಸಲಾನೂ ಬೀಳಲಿಲ್ವಲ್ಲ?” ಎಂದಳು.

ವಿಕಾ ದಾಳ ತಿರುಗಿಸಿ ನೋಡಿದಳು. ಮುಖ ಆರು, ದಿನ ಏಳು. ಒಂದನ್ನು ಬಿಡಲೇಬೇಕಿತ್ತು. ಭಾನುವಾರ ಪ್ರಾರ್ಥನೆ ಬಿಟ್ಟು ಬೇರೆ ಕೆಲಸವೇ ನಡೆಯದ ಟೋಂಗಾದಲ್ಲೇ ಹುಟ್ಟಿ ಬೆಳೆದವಳು, ಯೋಚನೆಯನ್ನೂ ಮಾಡದೆ ಭಾನುವಾರವನ್ನು ಬಿಟ್ಟಿದ್ದಳು.

“ದೇವರ ದಿನ ಕಣಮ್ಮ. ಅವತ್ತು ಸಮುದ್ರಾನೂ ಪ್ರಾರ್ಥನೆಗೆ ಕೂತಿರುತ್ತೆ,” ಎಂದ ಸೆಮಿಸಿ. ಚಾಪೆಯುದ್ದಕ್ಕೂ ನಗು.

“ಟ್ರಕ್ಕಿನ ಕೀಲಿ ಎಲ್ಲಿರುತ್ತಣ್ಣ ಅವತ್ತು?” ಎಂದಳು ಲೂಪೆ.

ನಗು ನಿಂತಿತು. ಹರೆಯದವರು ಭಾನುವಾರ ಟ್ರಕ್ಕು ಮುಟ್ಟದಿರಲೆಂದು ಶನಿವಾರ ಸಂಜೆಯೇ ಕೀಲಿಯನ್ನು ಪಾದ್ರಿಯವರಿಗೆ ಒಪ್ಪಿಸುವುದು ಊರ ಕಟ್ಟಳೆ. ಪಾದ್ರಿಯವರು ಅದನ್ನು ಜೇಬಿಗಿಳಿಸಿ ಉಪದೇಶಕ್ಕೆಂದು ಪಕ್ಕದ ದ್ವೀಪಕ್ಕೆ ಹೋದರೆ ಬರುವುದು ಸೋಮವಾರ.

ಕೀಲಿ ಇಲ್ಲೇ ಇರಲಿ ಎಂದು ಲೂಪೆ ಬೇಡಿಕೊಂಡಳು. ಸೆಮಿಸಿ ದನಿ ತಗ್ಗಿಸಿದ. “ದೇವರ ದಿನದ ಮೇಲೆ ನಮಗೆ ನಂಬಿಕೆ ಇಲ್ಲ ಅಂತ ಪಾದ್ರಿಯವರ ಹತ್ರ ಹೇಳೋರು ಯಾರು? ನೀನು ಹೇಳ್ತೀಯಾ?”

ಅವಳೂ ಹೇಳಲಿಲ್ಲ. ವಿಕಾ ಹಾಳೆಯ ಮೂಲೆಯಲ್ಲಿ ‘ಭಾನುವಾರ: ಮುಂದಿನ ಸಭೆಗೆ’ ಎಂದು ಬರೆದುಕೊಂಡು ಸಂಜೆಯ ದೋಣಿ ಹತ್ತಿದಳು.

ಆ ವಾರದಿಂದ ಲೂಪೆ ಪ್ರತಿ ಶನಿವಾರ, ಕೀಲಿ ಪಾದ್ರಿಯವರ ಕೈ ಸೇರುವ ಮೊದಲೇ, ತಾಯಿಯನ್ನು ಟ್ರಕ್ಕಿಗೇರಿಸಿ ಗುಡ್ಡದ ಮೇಲಿನ ಅಕ್ಕನ ಮನೆಗೆ ಒಯ್ದಳು. ಅಲೆ ಬರುವ ಮೊದಲು ಈ ಕುಲುಕಾಟಕ್ಕೇ ಸಾಯುತ್ತೇನೆಂದು ಮುದುಕಿ ಬೈಯುತ್ತಿದ್ದಳು. ಓಡಿಸುವ ಸೆಮಿಸಿ ದಾರಿಯುದ್ದಕ್ಕೂ ಗೇಲಿ ಮಾಡುತ್ತಿದ್ದ.

ನಾಲ್ಕನೆಯ ಶನಿವಾರ ಅವನು ಗೇಲಿ ಮಾಡಲಿಲ್ಲ. ಟ್ರಕ್ಕಿನ ಹಿಂದೆ ಅವನ ಹೆಂಡತಿ, ಎರಡು ಕೂಸುಗಳೊಂದಿಗೆ, ಹಾಸಿಗೆಯ ಸುರುಳಿಗೆ ಒರಗಿ ಕುಳಿತಿದ್ದಳು. ಲೂಪೆ ತಾಯಿಯನ್ನು ಅವಳ ಪಕ್ಕದಲ್ಲಿ ಮಲಗಿಸಿದಳು.

ಟ್ರಕ್ಕು ದಡದ ದಾರಿ ಹಿಡಿಯಿತು. ಒಂದೊಂದು ಬಾಗಿಲಲ್ಲೂ ಯಾರೋ ಹಾಸಿಗೆ ಸುತ್ತಿಕೊಂಡು, ಟ್ರಕ್ಕು ನಿಲ್ಲಿಸಲು ಕೈ ಮಾತ್ರ ಎತ್ತದೆ, ನಿಂತಿದ್ದರು.

“ಇನ್ನೊಂದು ಸುತ್ತು ಬರೋಣವೇನಣ್ಣ?”

ಸೆಮಿಸಿ ದೋಣಿಕಟ್ಟೆಯ ಕಡೆ ನೋಡಿದ. ಪಾದ್ರಿಯವರು ಆಗಲೇ ದೋಣಿಯಲ್ಲಿ ಕುಳಿತು ಕೀಲಿಗಾಗಿ ಕೈ ಚಾಚಿದ್ದರು.