ಮಗ್ದಲೀನ್ ಬಾಯಿಯ ಬಲಗೈ

ಕಳೆದ ಸಲ ನರ್ಸಿಂಗ್ ಪ್ರಾಕ್ಟಿಕಲ್‌ನಲ್ಲಿ ನನ್ನನ್ನು ಮುಳುಗಿಸಿದ್ದು ಬಾಯಿಪಾಠ. ಪುಸ್ತಕದಲ್ಲಿದ್ದದ್ದನ್ನೆಲ್ಲ ಗಡಗಡ ಒಪ್ಪಿಸಿ, "ರೋಗಿಗೆ ಪೂರ್ತಿ ಎಚ್ಚರ ಉಂಟು" ಎಂದು ನಾನು ಘೋಷಿಸುವಾಗ ಆ ಮನುಷ್ಯ ಗೊರಕೆ ಹೊಡೆಯುತ್ತಿದ್ದ. ಈ ಸಲವೂ ಫೇಲಾದರೆ ಜೂನಿಯರ್‌ಗಳ ಜೊತೆ ಕೂರಬೇಕು. ಮೇಲಾಗಿ ಕುವೈತ್‌ನಲ್ಲಿ ನರ್ಸ್ ಆಗಿರುವ ಮಮ್ಮಿ ಕ್ರಿಸ್ಮಸ್‌ಗೆಂದು ಮನೆಗೆ ಬಂದಿದ್ದರು. ಅವರೆದುರು ನಿಂತು "ಮತ್ತೆ ಹೋಯಿತು" ಎನ್ನುವ ಧೈರ್ಯ ನನಗಿರಲಿಲ್ಲ.

ನನಗೆ ಸಿಕ್ಕ ರೋಗಿ ಬೋಳಾರದ ಮಗ್ದಲೀನ್ ಬಾಯಿ. ಎಪ್ಪತ್ತು ದಾಟಿದವರು, ಸಕ್ಕರೆ ಕಾಯಿಲೆ ಬೇರೆ. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾಗಿತ್ತು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಇನ್ನೊಂದು ದಿನ ನೋಡೋಣವೆಂದು ಇರಿಸಿಕೊಂಡಿದ್ದರು. ಪರೀಕ್ಷೆ ನಡೆಸಲು ಬೇರೆ ಕಾಲೇಜಿನಿಂದ ಬಂದಿದ್ದ ಮನ್ವಿತಾ ಮೇಡಮ್ ಮಂಚದ ಆ ಬದಿಗೆ ನಿಂತರು. ನಗುವುದಕ್ಕೂ ಅಂಕ ಕಳೆಯುವ ಜಾತಿಯವರ ಹಾಗೆ ಕಂಡರು.

"ಕೊಂಕಣಿ ಬೇಡ, ಕನ್ನಡದಲ್ಲೇ ಕೇಳಿ. ನನಗೂ ಅರ್ಥ ಆಗ್ಬೇಕಲ್ಲ" ಎಂದರು.

ಕಣ್ಣಿಗೆ ಟಾರ್ಚ್ ಬಿಟ್ಟೆ. ಎರಡೂ ಪಾಪೆಗಳು ಒಂದೇ ಸಮ, ಬೆಳಕು ಬಿದ್ದೊಡನೆ ಕಿರಿದಾದವು. ಜೀವ ಬಂದ ಹಾಗಾಯಿತು.

"ನೀವೀಗ ಎಲ್ಲಿದ್ದೀರಿ ಬಾಯಿ?"

"ಆಸ್ಪತ್ರೆ."

"ಇದು ಯಾವ ತಿಂಗಳು?"

"ಕ್ರಿಸ್ಮಸ್."

ಮಾತು ಸ್ವಲ್ಪ ದಪ್ಪವಾಗಿ ಬರುತ್ತಿತ್ತು. ಹಲ್ಲಿನ ಸೆಟ್ ತೆಗೆದಿಟ್ಟಿರಬೇಕು ಅಂದುಕೊಂಡೆ. ಮೇಡಮ್ ಎರಡು ಸಲ ತಲೆಯಾಡಿಸಿದರು. ಇನ್ನು ಕೈಕಾಲಿನ ಶಕ್ತಿ ನೋಡಿದರೆ ಮುಗಿಯಿತು, ಪಾಸು ಕೈಗೆ ಬಂದ ಹಾಗೆಯೇ ಎಂದು ಮನಸ್ಸಿನಲ್ಲೇ ಕುಣಿದೆ.

ಅಷ್ಟರಲ್ಲಿ ಇಗರ್ಜಿಯ ಮಧ್ಯಾಹ್ನದ ಗಂಟೆ ಹೊಡೆಯಿತು. ಮಗ್ದಲೀನ್ ಬಾಯಿ ಕಣ್ಣು ಮುಚ್ಚಿ ಶಿಲುಬೆಯ ಗುರುತು ಹಾಕಿಕೊಂಡರು. ಎಡಗೈಯಲ್ಲಿ!

ನಮ್ಮವರಲ್ಲಿ ಕೂಸಿಗೂ ಮೊದಲು ಕಲಿಸುವುದು ಬಲಗೈಯ ಶಿಲುಬೆ. ಚಿಕ್ಕವಳಿದ್ದಾಗ ಒಮ್ಮೆ ನಾನು ಎಡಗೈ ಎತ್ತಿದ್ದಕ್ಕೆ ಅಜ್ಜಿ ಚಟಾರನೆ ಬಾರಿಸಿದ್ದರು. ಎಪ್ಪತ್ತು ವರ್ಷ ದಿನಾ ಗಂಟೆ ಕೇಳಿದ ಹೆಂಗಸು ಸುಮ್ಮನೆ ಕೈ ಬದಲಿಸುತ್ತಾರೆಯೇ? ಬಲಗೈ ಏಳುತ್ತಿಲ್ಲ ಎಂದೇ ಅರ್ಥ.

"ಬಾಯಿ, ಒಮ್ಮೆ ನಗಿ."

ತುಟಿ ಬಿಗಿದುಕೊಂಡೇ ನಕ್ಕರು. ಎಡಗಡೆ ಮಾತ್ರ ಮೇಲೆ ಹೋಯಿತು.

"ಎರಡೂ ಕೈ ಎತ್ತಿ."

ಎಡಗೈ ಎದ್ದಿತು. ಬಲಗೈ ಹೊದಿಕೆಯೊಳಗೇ ಉಳಿಯಿತು.

ಓರೆಯಾದ ಮುಖ, ಏಳದ ಕೈ, ತೊದಲುವ ಮಾತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ನನ್ನ ಪಾಸಿನ ಕತೆಯೂ ಅದೇ ಆಯಿತು. ಪರೀಕ್ಷೆ ನಡುವೆ ನಿಲ್ಲಿಸಿದ ಮೇಲೆ ನನ್ನ ಊಹೆ ಸುಳ್ಳಾದರೆ ಮೇಡಮ್ ಬಿಡುವವರಲ್ಲ. ಆದರೆ ನಿಜವಾದರೆ? ಮೆದುಳಿಗೆ ರಕ್ತ ನಿಂತ ಮೇಲೆ ಒಂದೊಂದು ನಿಮಿಷವೂ ನಷ್ಟವೇ. ಹಾಳಾಗಿ ಹೋಗಲಿ ಪರೀಕ್ಷೆ!

"ಮೇಡಮ್, ನಾನು ನಿಲ್ಲಿಸ್ತೇನೆ. ಇವರಿಗೆ ಸ್ಟ್ರೋಕ್ ಆಗ್ತಾ ಉಂಟು!" ಎಂದು ಕೂಗಿ ಗಂಟೆ ಒತ್ತಿದೆ.

ಡ್ಯೂಟಿ ಡಾಕ್ಟರ್ ರೂಬನ್ ಓಡಿ ಬಂದರು. ಬಂದವರೇ ಎಡಗೈ ಬೆರಳು ಚುಚ್ಚಿ ಸಕ್ಕರೆ ನೋಡಿದರು. "ಇದೆಂತ ಇಷ್ಟು ಮೇಲೆ ಹೋಗಿದೆ?" ಎಂದು ಹುಬ್ಬೇರಿಸಿ, ಹೊದಿಕೆ ಸರಿಸಿ ಬಲಗೈ ಹಿಡಿದರು. ಮುಷ್ಟಿ ಬಿಗಿದಿತ್ತು. ಬಿಡಿಸಲು ನೋಡಿದರು, ಆಗಲಿಲ್ಲ. ಮನ್ವಿತಾ ಮೇಡಮ್ ಕೈ ಕೊಟ್ಟರು, ಆಗಲೂ ಆಗಲಿಲ್ಲ. ಇಬ್ಬರೂ ಬೆವತ ಮೇಲೆ ಒಂದು ಬೆರಳು ಸಡಿಲಿತು. ಒಳಗಿತ್ತು ಎಳ್ಳುಂಡೆ!

"ಬಾಯಿ ತೆರೀರಿ" ಎಂದರು ಡಾಕ್ಟರ್. ಬಲಗೆನ್ನೆಯಲ್ಲಿ ಇನ್ನೊಂದಿತ್ತು.

ಬೆಳಿಗ್ಗೆ ಕ್ರಿಸ್ಮಸ್ ತಿಂಡಿ ಹಂಚಲು ಬಂದವರು ಪಕ್ಕದ ಬೆಡ್ಡಿಗೆ ಕೊಟ್ಟದ್ದರಲ್ಲಿ ಮಗ್ದಲೀನ್ ಬಾಯಿ ಎರಡನ್ನು ಎತ್ತಿಕೊಂಡಿದ್ದರಂತೆ. ನಾವು ಬರುವುದನ್ನು ಕಂಡು ಒಂದನ್ನು ಕೆನ್ನೆಗೂ ಒಂದನ್ನು ಮುಷ್ಟಿಗೂ ಸೇರಿಸಿದ್ದರು. "ಕೈಯಲ್ಲಿ ಉಂಡೆ ಹಿಡ್ಕೊಂಡು ದೇವರಿಗೆ ಶಿಲುಬೆ ಹಾಕ್ಲಿಕ್ಕೆ ಆಗ್ತದಾ ಬಾಯೆ? ಪಾಪ ಅಲ್ವಾ?" ಎಂದು ನನ್ನನ್ನೇ ಕೇಳಿದರು. ವಾರ್ಡಿಗೆ ವಾರ್ಡೇ ನಕ್ಕಿತು. ಪುಣ್ಯಕ್ಕೆ ಆಕೆಗೆ ಏನೂ ಆಗಿರಲಿಲ್ಲ ಎಂದು ನನಗೆ ಸಂತೋಷವಾಯಿತು. ಪರೀಕ್ಷೆ ನೆನಪಾದದ್ದೇ ತಡ, ಕಣ್ಣಲ್ಲಿ ನೀರು ತುಂಬಿತು.

ಮನ್ವಿತಾ ಮೇಡಮ್ ಕೈ ಒರೆಸಿಕೊಂಡು ನನ್ನತ್ತ ತಿರುಗಿದರು. "ಶರೊನ್, ಪರೀಕ್ಷೆ ಮುಗಿಸಿ. ಬಲಗೈಯ ಶಕ್ತಿ ಎಷ್ಟು?"

"ಐದಕ್ಕೆ ಐದು, ಮೇಡಮ್."

"ನನ್ನ ಪ್ರಕಾರ ಆರು" ಎಂದು ಅವರು ಕೊನೆಗೂ ನಕ್ಕರು. "ಎಂತ ಅಳೂದು ಮಾರಾಯ್ತಿ? ಶಿಲುಬೆ ಹಾಕಿದ ಕೈಯನ್ನು ನೀವು ನೋಡಿದ್ರಿ, ನಾನು ನೋಡ್ಲಿಲ್ಲ. ಪಾಸ್."

"ಪಾಸಾದವರು ಸಿಹಿ ಕೊಡ್ಬೇಕಲ್ಲ ಬಾಯೆ?" ಎಂದು ಮಗ್ದಲೀನ್ ಬಾಯಿ ಬಲಗೈ ಚಾಚಿದರು.