ದುಂಡೇಶನ ಹಾಡು

"ಇನ್ನೊಂದ್ಸಲ ಹೇಳೋ, ಬಾಳೇಶ," ಎಂದಳು ಬಿಂದುಶ್ರೀ.

ಮಲ್ಲತ್ತಹಳ್ಳಿ ಕಡೆಯ ಗೇಟಿನ ಬಳಿಯಿದ್ದ ವಿಶ್ವವಿದ್ಯಾಲಯದ ತಗಡಿನ ಶೆಡ್ಡಿನಲ್ಲಿ ನಾಟಕದ ವಿದ್ಯಾರ್ಥಿಗಳು ಸುತ್ತಲೂ ಕೂತಿದ್ದರು. ಭೈರೇಶ್ ಬಾಯಲ್ಲೇ ಡ್ರಮ್ಮಿನ ಸದ್ದು ಹೊರಡಿಸುತ್ತಿದ್ದ. ವರ್ಷವಿಡೀ ಮೂಲೆ ಹಿಡಿದು ಕೂತಿದ್ದ ಬಾಳೇಶ ಅಂದು ತಾನಾಗಿ ನಡುವೆ ಬಂದು ನಿಂತಿದ್ದ.

"ಮುಚ್ಚಳ ತೆಗದ್ರು, ಹಗ್ಗಾ ಬಿಟ್ರು,
ಇಳಿಯೋ ಅಂದ್ರು, ದುಂಡ್ಯಾ ಇಳದಾ.
ಕರದವ್ರೆಲ್ಲಾ ಮನಿಗೆ ಹೋದ್ರು,
ಇಳದಾಂವ ಮಾತ್ರ ಒಳಗ ಉಳದಾ."

ಭೈರೇಶನ ತಾಳ ತಾನಾಗಿ ನಿಂತಿತು. "ಯಾರು ಮಗಾ ದುಂಡ್ಯಾ?" ಎಂದು ಕೇಳಿದ.

"ನಮ್ಮಣ್ಣ. ದುಂಡೇಶ. ಹ್ವಾದ ವರ್ಷ, ಕೆಂಗೇರಿಯೊಳಗ, ಮ್ಯಾನ್‌ಹೋಲಿನ್ಯಾಗ ಸತ್ತ."

ಬಿಂದುಶ್ರೀ ಅತಿಥಿ ಉಪನ್ಯಾಸಕಿ. ಕಂಪನಿ ನಾಟಕದ ಸಂಭಾಷಣೆ ಕೊಟ್ಟರೆ ತಡವರಿಸುವ ಹುಡುಗರು ತಮ್ಮ ಬೀದಿಯ ಸಂಕಟವನ್ನು ತಾಳಕ್ಕೆ ಹಾಕಿ ಹೇಳಿ ಎಂದರೆ ಬಾಯಿ ಬಿಡುತ್ತಾರೆಂದು ಅವಳು ಹಠ ಹಿಡಿದು ಹಿಪ್ ಹಾಪ್ ಕಲಿಸುತ್ತಿದ್ದಳು. ಹಿರಿಯ ಮೇಷ್ಟ್ರುಗಳು ನಗುತ್ತಿದ್ದರು. ಟ್ಯಾಂಕರ್ ನೀರಿನ ಮೇಲೆ, ಬಸ್ಸಿನಲ್ಲಿ ಮೈ ತಾಗಿಸುವವರ ಮೇಲೆ ಹುಡುಗರು ಹಾಡು ಕಟ್ಟಿದ್ದರು. ಇಂಥದ್ದು ಮಾತ್ರ ಯಾರೂ ತಂದಿರಲಿಲ್ಲ. ಇದನ್ನೇ ಬೀದಿನಾಟಕ ಮಾಡೋಣ, ಕೆಂಗೇರಿ ಉಪನಗರದ ಬಸ್ ನಿಲ್ದಾಣದಲ್ಲೇ ಆಡೋಣ ಎಂದಳು.

ಎಲ್ಲರೂ ಹೋದ ಮೇಲೂ ಬಾಳೇಶ ಬಾಗಿಲಲ್ಲಿ ನಿಂತಿದ್ದ. "ಕೆಂಗೇರಿ ಬ್ಯಾಡ್ರಿ ಮೇಡಂ. ವಿಜಯನಗರದಾಗ ಮಾಡೂಣು."

"ಅಲ್ಲೇ ತಾನೇ ಆಗಿದ್ದು? ಅಲ್ಲೇ ಹೇಳ್ಬೇಕು ಕಣೋ. ಯಾರಿಗೆ ಹೆದರ್ತೀಯ, ಕಂಟ್ರಾಕ್ಟರ್‌ಗಾ?"

ಅವನು ಏನೋ ಹೇಳಲು ಹೋಗಿ ಬಾಯಿ ಮುಚ್ಚಿದ. ಅವಳು ಅದನ್ನು ಹೆದರಿಕೆಯೆಂದೇ ತಿಳಿದು ಭುಜ ತಟ್ಟಿದಳು.

ಭಾನುವಾರ ಸಂಜೆ ನಿಲ್ದಾಣದ ಪಕ್ಕ ಜನ ಸೇರಿದರು. ಆಟೋದವರು, ಹೂವಿನವರು, ತರಕಾರಿ ಚೀಲ ಹಿಡಿದವರು. ಹುಡುಗರ ಜೊತೆಗೆ ಜನವೂ ಚಪ್ಪಾಳೆಯಲ್ಲಿ ತಾಳ ಹಿಡಿಯಿತು. ಬಾಳೇಶ ಕಣ್ಣು ಮುಚ್ಚಿಕೊಂಡೇ ಶುರು ಮಾಡಿದ. ದುಂಡ್ಯಾ ಇಳದಾ ಎಂಬಲ್ಲಿಗೆ ಬರುವಷ್ಟರಲ್ಲಿ ಜನರನ್ನು ಸರಿಸಿಕೊಂಡು ಒಬ್ಬ ಹೆಂಗಸು ವೃತ್ತದೊಳಗೆ ಬಂದಳು. ಮನೆಗೆಲಸ ಮುಗಿಸಿ ಬಂದಿದ್ದ ಅವಳ ಸೀರೆಯ ಸೆರಗು ಇನ್ನೂ ಒದ್ದೆಯಿತ್ತು.

"ಬಾಳ್ಯಾ, ಯಾವ ದುಂಡ್ಯಾನೋ?"

ಜನ ಅವಳನ್ನೂ ಪಾತ್ರಧಾರಿ ಎಂದುಕೊಂಡರು. ಯಾರೋ ಸಿಳ್ಳೆ ಹಾಕಿದರು. ಏನೇ ಆದರೂ ತಾಳ ಬಿಡಬೇಡಿ ಎಂದು ಬಿಂದುಶ್ರೀ ಕಲಿಸಿದ್ದಳು, ಭೈರೇಶ್ ಬಿಡಲಿಲ್ಲ. ಚಪ್ಪಾಳೆ ಇನ್ನೂ ಜೋರಾಯಿತು. ಹೆಂಗಸು ಬಾಳೇಶನ ಅಂಗಿ ಹಿಡಿದು ಜಗ್ಗಿದಳು.

"ಲಾರಿ ಹೊಡೀತು, ಅಲ್ಲೇ ಜೀವ ಹೋತು ಅಂದಿದ್ಯಲ್ಲೋ ನನಗ. ಲಾರಿ ಅಂದಿದ್ಯಲ್ಲೋ."

ಬಾಳೇಶ ಕಣ್ಣು ತೆರೆದ. "ಯವ್ವಾ," ಎಂದ. ಆಗ ಒಂದೊಂದಾಗಿ ಕೈಗಳು ನಿಂತವು.

ದುಂಡೇಶ ಸತ್ತಾಗ ಅವರ ತಾಯಿ ಭಾಗವ್ವ ಊರಲ್ಲಿದ್ದಳು. ನರಳದೆ ಹೋದ ಎಂಬ ಸಮಾಧಾನವಾದರೂ ಅವಳಿಗೆ ಇರಲಿ ಎಂದು ಬಾಳೇಶ ಲಾರಿಯ ಕಥೆ ಹೇಳಿದ್ದ. ಆಮೇಲೆ ಅವಳು ಉಳಿದ ಮಗನಿಗೆ ಅಡುಗೆ ಮಾಡಿ ಹಾಕಲು ಬಂದು, ಉಪನಗರದ ಮನೆಗಳಲ್ಲಿ ಕೆಲಸಕ್ಕೆ ಸೇರಿದ್ದಳು. ಆ ಮ್ಯಾನ್‌ಹೋಲ್ ಇದ್ದ ಬೀದಿಯಲ್ಲೇ ದಿನವೂ ನಡೆಯುತ್ತಿದ್ದಳು. ಇದೆಲ್ಲ ಬಿಂದುಶ್ರೀಗೆ ಗೊತ್ತಾದದ್ದು ಅಂದೇ.

ಬಾಳೇಶ ಮತ್ತೆ ಕ್ಲಾಸಿಗೆ ಬರಲಿಲ್ಲ. ಒಂದು ಬೆಳಿಗ್ಗೆ ಅವಳು ಬಸವೇಶ್ವರನಗರದಿಂದ ಸ್ಕೂಟಿಯಲ್ಲಿ ಹೊರಟು, ಕೇಳಿ ಕೇಳಿ ಕೆಂಗೇರಿಯ ಅವರ ಬಾಡಿಗೆ ಕೋಣೆ ಹುಡುಕಿದಳು. ಭಾಗವ್ವ ಬಾಗಿಲ ಬೆಳಕಿನಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಬಾಳೇಶ ಗೋಡೆಗೆ ಮುಖ ಮಾಡಿ ಕೂತಿದ್ದ.

"ತಪ್ಪಾಯ್ತು ಅಮ್ಮ. ನಾನು ಕೇಳ್ಬೇಕಾಗಿತ್ತು. ಅವನು ಬೇಡ ಅಂದಿದ್ದ."

ಭಾಗವ್ವ ತಲೆ ಎತ್ತಲಿಲ್ಲ. "ನೀವು ಕಲಿಸೋ ಟೀಚರ್ ಏನ್ರಿ?"

"ಹೌದು."

"ಹಂಗಾರ ಅವಗ ಪೂರಾ ಹೇಳಂತ ಹೇಳ್ರಿ. ನಾ ಅರ್ಧಾನೇ ಕೇಳೀನಿ. ಕೇಳಿದ್ರ ಬಾಯಿ ಬಿಡವಲ್ಲ."

ಬಿಂದುಶ್ರೀ ಒಳಗೆ ಬಂದು ನೆಲದ ಮೇಲೆ ಕೂತಳು.

ಬಾಳೇಶ ಗೋಡೆಯ ಕಡೆಗೇ ಹೇಳತೊಡಗಿದ. ತಾಳವಿರಲಿಲ್ಲ, ಪ್ರಾಸವಿರಲಿಲ್ಲ. ಮೊದಲು ಇಳಿದವನು ಕೂಗಿದ್ದು, ಅವನನ್ನು ಎತ್ತಲು ದುಂಡೇಶ ಹೋದದ್ದು, ಹಗ್ಗ ಸಡಿಲಾದದ್ದು. ಭಾಗವ್ವನ ಬೆರಳು ಕಲ್ಲು ಹೆಕ್ಕುತ್ತಲೇ ಇತ್ತು. ಅವನು ನಿಲ್ಲಿಸಿದಾಗ ಅದೂ ನಿಂತಿತು.

"ಎಷ್ಟೊತ್ತು ಒಳಗಿದ್ದ?"

ಬಾಳೇಶ ಗೋಡೆಗೆ ಹಣೆ ಒತ್ತಿದ.

"ನನ್ನ ಕರದ್ನೇನೋ?"

ಹೊರಗೆ ಬೀದಿ ನಲ್ಲಿಗೆ ನೀರು ಬಂತು. ಅಕ್ಕಪಕ್ಕದವರು ಬಿಂದಿಗೆ ಸದ್ದು ಮಾಡುತ್ತ ಓಡಿದರು. "ಭಾಗವ್ವಾ, ಬೇಗ ಬಾರೇ, ನಿಂತೋಗ್ತದೆ," ಎಂದು ಯಾರೋ ಕೂಗಿದರು. ಮೂವರೂ ಏಳಲಿಲ್ಲ. ಕೊಡಗಳು ತುಂಬುವ ಸದ್ದು ಒಂದೊಂದಾಗಿ ಮುಗಿಯಿತು, ನಲ್ಲಿ ಗಾಳಿ ಉಗುಳಿ ಸುಮ್ಮನಾಯಿತು. ಭಾಗವ್ವನ ಖಾಲಿ ಕೊಡ ಹೊಸ್ತಿಲ ಪಕ್ಕ ಬಿಸಿಲಿಗೆ ಬಾಯಿ ತೆರೆದು ಕೂತಿತ್ತು.